ಹೊರಗಿನ ಲೋಟ

ಗೇಟಿನ ಹತ್ತಿರ ಕೋಳಿಯೊಂದು ಕೊಕ್ಕೊಕ್ ಅಂದಾಗ ಸ್ವಾತಿ ಮಹಡಿಯ ಮೆಟ್ಟಿಲ ಮೇಲೆ ನಿಂತು ಮಗಳ ಲಂಗ ಹಿಂಡುತ್ತಿದ್ದಳು. ಈ ಬೀದಿಯಲ್ಲಿ ಕೋಳಿಯೇ ಅಂತ ಬಗ್ಗಿ ನೋಡಿದರೆ, ಗೇಟಿನಾಚೆ ಅಪ್ಪ ನಿಂತಿದ್ದ. ಕೈಯಲ್ಲೊಂದು ನೈಲಾನ್ ಚೀಲ, ಅದರ ಬಾಯಿಂದ ಕೆಂಪು ಹ್ಯಾಟೆ ಕೋಳಿಯೊಂದು ಕತ್ತು ಹೊರಗೆ ಹಾಕಿ ಊರು ನೋಡುತ್ತಿತ್ತು. ಅಪ್ಪನೂ ಹಾಗೇ ಕತ್ತು ಎತ್ತಿ ಇದೇ ಮನೆಯೋ ಅಲ್ಲವೋ ಅಂತ ನೋಡುತ್ತಿದ್ದ. ಕೆಳಗೆ ಜಗಲಿಯ ಮೇಲೆ ಮನೆಯೊಡತಿ ಹೇಮಾವತಿ ಮೊರದಲ್ಲಿ ತೊಗರಿಬೇಳೆ ಆರಿಸುತ್ತ ಕೂತಿದ್ದರು.

ಅಪ್ಪ ಬಾಗಿಲಿಗೆ ಬಂದರೆ ಹೆಣ್ಣುಮಕ್ಕಳ ಮುಖ ಅರಳಬೇಕು. ಸ್ವಾತಿ ಒಂದು ಮೆಟ್ಟಿಲು ಹಿಂದಕ್ಕೆ ಸರಿದಳು.

ಯಾಕೆಂದು ಹೇಳಬೇಕಾದರೆ ಹೊಸದುರ್ಗದ ಬಾಡಿಗೆಯಿಂದಲೇ ಶುರುಮಾಡಬೇಕು. ಊರು ಎಂಥದ್ದೆಂದರೆ, ಊರಿನ ಹೆಸರು ಹೊತ್ತ ರೈಲ್ವೆ ಸ್ಟೇಷನ್ನಿಗೇ ಇಲ್ಲಿಂದ ಬಸ್ಸು ಹಿಡಿದು ಹೋಗಬೇಕು. ಆದರೂ ಸುತ್ತಲ ಗುಡ್ಡಗಳ ಮೇಲೆ ವಿಂಡ್‌ಮಿಲ್ಲುಗಳು ಎದ್ದ ಮೇಲೆ ಇಲ್ಲಿನ ಮನೆಗಳಿಗೆ ಎಲ್ಲಿಲ್ಲದ ಬೆಲೆ ಬಂತು. ಕಂಪನಿಯ ಹುಡುಗರು ನಾಲ್ಕೈದು ಜನ ಕೂಡಿಕೊಂಡು ಕೇಳಿದಷ್ಟು ಕೊಟ್ಟು ಮನೆ ಹಿಡಿಯುತ್ತಾರೆ. ಸ್ವಾತಿಯ ಗಂಡ ವಿನೋದನೂ ಅದೇ ಕಂಪನಿಯಲ್ಲೇ ದುಡಿಯುತ್ತಾನೆ, ಆದರೆ ಕಾಂಟ್ರ್ಯಾಕ್ಟ್ ಹೆಲ್ಪರ್. ಅಂದರೆ ಊರಿನ ಬಾಡಿಗೆ ಏರಿಸಿದ ಫ್ಯಾನುಗಳಿಗೆ ಎಣ್ಣೆ ಹಾಕಿ ಬಂದು, ಆ ಬಾಡಿಗೆ ಕಟ್ಟಲಾರದೆ ಒದ್ದಾಡುವವನು. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ಗಾದೆ ಕಟ್ಟಿದವರು ಹೊಸದುರ್ಗದಲ್ಲಿ ಹಾಸಿಗೆ ಹಾಸುವುದಕ್ಕೆ ಜಾಗ ಹುಡುಕಿದವರಲ್ಲ.

ಎರಡು ತಿಂಗಳು ಬೀದಿ ಬೀದಿ ಅಲೆದ ಮೇಲೆ ಸಿಕ್ಕಿದ್ದು ವಾಟರ್ ಟ್ಯಾಂಕಿನ ಹಿಂದಿರುವ ಈ ಮೇಷ್ಟ್ರ ಮನೆಯ ಮಹಡಿ. ಎರಡು ಕೋಣೆ, ಗಾಳಿ ಬೆಳಕು, ಬಾಡಿಗೆ ಬೇರೆ ಕಡೆಗಿಂತ ಅರ್ಧ. ಹಾಲಸ್ವಾಮಿ ಮೇಷ್ಟ್ರು ರಿಟೈರ್ ಆದವರು, ದುಡ್ಡಿನ ಆಸೆಯವರಲ್ಲ. "ದುಡ್ಡು ನಮಗೆ ಮುಖ್ಯ ಅಲ್ಲಪ್ಪ. ಮನೇಲಿ ಮಾಂಸ ಮೊಟ್ಟೆ ಆಗಬಾರ್ದು, ಅಷ್ಟೇಯ," ಅಂದಿದ್ದರು. ವಿನೋದ ನೆಲ ನೋಡಿದ. ಉತ್ತರ ಕೊಟ್ಟವಳು ಸ್ವಾತಿ. "ನಾವ್ಯಾರೂ ತಿನ್ನಲ್ಲ ಸರ್." ಹೇಮಾವತಿ ಸುಮ್ಮನೆ ಮಾತಿಗೆ ಕೇಳಿದರು: "ತವರು ಮನೆ ಕಡೆ?" ಅಲ್ಲಿಗಾದರೂ ನಿಲ್ಲಬಹುದಿತ್ತು. "ಅಲ್ಲೂ ಇಲ್ಲ ಆಂಟಿ. ನಮ್ಮಪ್ಪ ಮೊಟ್ಟೆ ಕಂಡ್ರೆ ಎದ್ದು ಹೊರಗೆ ಹೋಗ್ತಾರೆ," ಅಂದುಬಿಟ್ಟಳು. ಜವನಗೊಂಡನಹಳ್ಳಿಯಲ್ಲಿದ್ದ ಅವಳಪ್ಪ ಮೂರ್ತಪ್ಪ ಈ ಮಾತು ಕೇಳಿದ್ದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ.

ಎಂಟು ತಿಂಗಳಿಂದ ಆ ಸುಳ್ಳನ್ನು ಸಾಕುವುದೇ ಒಂದು ಕೆಲಸವಾಗಿತ್ತು. ಇವರಿಗಿಂತ ಮುಂಚೆ ಇದ್ದವರನ್ನು ಕಸದಲ್ಲಿ ಮೊಟ್ಟೆಯ ಸಿಪ್ಪೆ ಸಿಕ್ಕಿತೆಂದು ಮೇಷ್ಟ್ರು ಹದಿನೈದೇ ದಿನಕ್ಕೆ ಬಿಡಿಸಿದ್ದರು. ಹೋದ ತಿಂಗಳು ನಾಲ್ಕು ವರ್ಷದ ಮಗಳು ಶಾಲಿನಿಗೆ ಜ್ವರ ಬಂದು ಮಗು ಕಡ್ಡಿಯಾದಾಗ, ದಿನಾ ಒಂದು ಮೊಟ್ಟೆ ಕೊಡಿ ಅಂದರು ಡಾಕ್ಟರು. ಸ್ವಾತಿ ಬಾಗಿಲು ಹಾಕಿಕೊಂಡು ಟೀ ಪಾತ್ರೆಯಲ್ಲಿ ಮೊಟ್ಟೆ ಬೇಯಿಸುವಳು. ಸಿಪ್ಪೆಯನ್ನು ಪೇಪರಿನಲ್ಲಿ ಸುತ್ತಿ, ಫಾಲ್ಸ್ ಹಚ್ಚಿದ ಸೀರೆ ಕೊಡಲು ಪೇಟೆಗೆ ಹೋದಾಗ ಬಸ್ ಸ್ಟ್ಯಾಂಡಿನ ತೊಟ್ಟಿಗೆ ಹಾಕಿ ಬರುವಳು. "ಮೊಟ್ಟೆ ತಿಂದೆ ಅಂತ ಕೆಳಗಿನ ಅಜ್ಜಿ ಹತ್ರ ಹೇಳ್ಬಾರ್ದು. ಊರಾಗೆ ಕೋಳಿ ಅವೆ ಅಂತ ಹೇಳ್ಬಾರ್ದು. ಆಯ್ತಾ?" ಅಂತ ಮಗುವಿಗೆ ಪಾಠ. ಶಾಲಿನಿ ಜಾಣೆ. ಹೇಳಬಾರದ್ದು ಬಾಯಿಗೆ ಬಂದರೆ ತಾನೇ ಅಂಗೈಯಿಂದ ಬಾಯಿ ಮುಚ್ಚಿಕೊಳ್ಳುವಳು. ಅದನ್ನು ನೋಡಿ ಮೊದಮೊದಲು ಗಂಡ ಹೆಂಡತಿ ನಕ್ಕಿದ್ದರು ಕೂಡ.

ಮನೆಯವರು ಕೆಟ್ಟವರಾಗಿದ್ದರೆ ಇಷ್ಟು ಕಷ್ಟವಿರಲಿಲ್ಲ. ಜ್ವರ ಏರಿದ ದಿನ ವಿನೋದ ಗುಡ್ಡದ ಮೇಲೆ ಡ್ಯೂಟಿಯಲ್ಲಿದ್ದ. ಬೆಳಗಿನ ಐದಕ್ಕೆ ಮಗುವನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಓಡಿದವರು ಹಾಲಸ್ವಾಮಿ ಮೇಷ್ಟ್ರು. ಅವತ್ತಿಂದ ದಿನಾ ಸಂಜೆ ಒಂದು ಬಟ್ಟಲು ಮೆಣಸಿನ ಸಾರು ಮಹಡಿ ಹತ್ತಿ ಬರುತ್ತಿತ್ತು. ಕೆಟ್ಟವರಿಗೆ ಹೇಳಿದ ಸುಳ್ಳು ಮೂರು ದಿನಕ್ಕೆ ಮರೆತುಹೋಗುತ್ತದೆ. ಒಳ್ಳೆಯವರಿಗೆ ಹೇಳಿದ್ದು ಗಂಟಲಲ್ಲಿ ಸಿಕ್ಕ ಮೀನಿನ ಮುಳ್ಳು, ಒಂದೊಂದು ತುತ್ತಿಗೂ ಚುಚ್ಚುತ್ತದೆ.

ಅಪ್ಪನಿಗೆ ಈ ಮನೆಯ ಕಟ್ಟಳೆ ಗೊತ್ತಿರಲಿಲ್ಲ. ಹೇಳುವುದಕ್ಕೆ ಸ್ವಾತಿಗೆ ನಾಚಿಕೆ. "ಮನೆ ಸಣ್ಣದು ಕಣಪ್ಪ, ನಾವೇ ಬರ್ತೀವಿ," ಅಂತ ಎಂಟು ತಿಂಗಳು ತಳ್ಳಿದ್ದಳು. ನಿನ್ನೆ ಫೋನಿನಲ್ಲಿ ವಿನೋದ, ಮಗು ತೀರಾ ಇಳಿದುಹೋಗಿದೆ ಮಾವ ಅಂದಿದ್ದೇ ಸಾಕಾಯಿತು. ಮೂರ್ತಪ್ಪ ಮೊದಲ ಬಸ್ಸಿಗೆ ಹೊರಟು, ಹಿರಿಯೂರಿನಲ್ಲಿ ಬಸ್ಸು ಬದಲಿಸಿ, ಮೊಮ್ಮಗಳಿಗೆ ಸಾರು ಮಾಡಿಸಲು ಹ್ಯಾಟೆಯನ್ನು ತೊಡೆಯ ಮೇಲಿಟ್ಟುಕೊಂಡು ಬಂದಿದ್ದ.

"ಯಾರಪ್ಪ ನೀನು? ಯಾರು ಬೇಕಿತ್ತು?" ಹೇಮಾವತಿ ಮೊರ ಕೆಳಗಿಟ್ಟರು.

"ಇಲ್ಲಿ ಮೇಷ್ಟ್ರ ಮನೆ..." ಅನ್ನುತ್ತ ಅಪ್ಪ ಕಣ್ಣೆತ್ತಿದ. ಮೆಟ್ಟಿಲ ಮೇಲೆ ಮಗಳು ಕಂಡಳು. ಅವನ ಮುಖ ಇಷ್ಟಗಲವಾಯಿತು. ಹೆಸರು ಹಿಡಿದು ಕರೆಯಲು ಬಾಯಿ ತೆರೆದ.

"ಕೋಳಿ ಮಾರೋರು ಅನ್ಸುತ್ತೆ ಆಂಟಿ," ಅಂದಳು ಸ್ವಾತಿ. "ಇಲ್ಲಿ ಯಾರೂ ತಗಳಲ್ಲ ಅಂತ ಹೇಳ್ರಿ."

ಅಪ್ಪನ ಬಾಯಿ ತೆರೆದದ್ದು ತೆರೆದೇ ಇತ್ತು. ಅವನು ಮಗಳನ್ನು ನೋಡಿದ, ಜಗಲಿಯ ಮೇಲಿದ್ದ ಹೆಂಗಸನ್ನು ನೋಡಿದ, ಆಕೆಯ ಹಣೆಯ ವಿಭೂತಿ ನೋಡಿದ, ಕೈಯಲ್ಲಿದ್ದ ಚೀಲ ನೋಡಿದ. ಓದು ಬರಹ ಇಲ್ಲದ ಮನುಷ್ಯನಾದರೂ ಮುಖ ಓದುವುದು ಅವನಿಗೆ ಬರುತ್ತಿತ್ತು.

"ಹೂಂ ಕಣ್ರವ್ವಾ," ಅಂದ. "ನಾಟಿ ಕೋಳಿ ಐತೆ, ಮಾರಾಕೆ ಬಂದಿದ್ದೆ. ತಿನ್ನೋರ ಮನೆ ಯಾವ್ದು ಅಂತ ಗೊತ್ತಾಗ್ಲಿಲ್ಲ. ತಪ್ಪು ತಿಳ್ಕಬ್ಯಾಡ್ರಿ."

"ಅಯ್ಯೋ, ತಪ್ಪೇನು ಬಂತು ಬಿಡು. ಬಿಸಿಲಾಗೆ ಎಲ್ಲಿಂದ ನಡ್ಕಂಡು ಬಂದ್ಯೋ ಏನೋ. ಸ್ವಾತಿ, ಅಡಿಗೆ ಮನೇಲಿ ಮಜ್ಜಿಗೆ ಐತೆ, ಒಂದ್ ಲೋಟ ಕೊಡು ಪಾಪ. ಆ ಹೊರಗಿನ ಲೋಟದಾಗೆ ಕೊಡು."

ಹೊರಗಿನ ಲೋಟ ಅಂದರೆ ಗೇಟಿನ ಪಕ್ಕದ ನಲ್ಲಿಯ ಮೇಲೆ, ಗೂಡಿನಲ್ಲಿ ಬೋರಲು ಹಾಕಿದ್ದ ಒಂದು ಸ್ಟೀಲ್ ಲೋಟ. ಗ್ಯಾಸಿನವನಿಗೆ, ಕಸದ ಗಾಡಿಯವಳಿಗೆ, ಬಾಯಾರಿ ಬಂದ ಯಾರಿಗಾದರೂ ಅದರಲ್ಲೇ ನೀರು. ಹೇಮಾವತಿಗೆ ಅದರಲ್ಲಿ ಕೆಟ್ಟದ್ದೇನೂ ಕಂಡಿರಲಿಲ್ಲ, ಅತ್ತೆಯ ಕಾಲದಿಂದ ಲೋಟ ಅಲ್ಲೇ ಇತ್ತು. ಸ್ವಾತಿಗೆ ಮಾತ್ರ ಬಂದ ದಿನದಿಂದಲೂ ಒಳಗಿನ ಲೋಟದಲ್ಲೇ ಕಾಫಿ.

ಅವಳು ಮೆಟ್ಟಿಲಿಳಿದು ಮಜ್ಜಿಗೆ ತಂದಳು. ಗೂಡಿನಿಂದ ಲೋಟ ತೆಗೆದು ಬಗ್ಗಿಸಿದಳು. ಅಪ್ಪ ಮಾರು ದೂರದಲ್ಲಿ ನಿಂತಿದ್ದ. ಅವನ ಮೈಯಿಂದ ಬೀಡಿ, ಬೆವರು, ಬಸ್ಸಿನ ಧೂಳು ಕೂಡಿದ ವಾಸನೆ ಬಂತು. ಇವರು ನಮ್ಮಪ್ಪ ಆಂಟಿ. ಮೂರೇ ಮಾತು. ನಾಲಗೆಯ ತುದಿಗೆ ಬಂದಿತ್ತು ಕೂಡ. ಅದರ ಹಿಂದೆಯೇ ಎರಡು ತಿಂಗಳು ಅಲೆದ ಬೀದಿಗಳು ಬಂದವು, ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು ಬಡಿದ ಬಾಗಿಲುಗಳು ಬಂದವು. ಸ್ವಾತಿ ಅಪ್ಪನ ಮುಂದೆ ಲೋಟ ಚಾಚಿದಳು.

ಅಪ್ಪ ಎರಡೂ ಕೈಯಿಂದ ಈಸಿಕೊಂಡ. ತುಟಿಗೆ ತಾಕಿಸದೆ ಎತ್ತಿ ಕುಡಿದ. ಮನೆಯಲ್ಲಿ ಹಾಗೆ ಕುಡಿದವನೇ ಅಲ್ಲ. ಕುಡಿದಾದ ಮೇಲೆ ನಲ್ಲಿಯಲ್ಲಿ ಲೋಟ ತೊಳೆದು, ಎಲ್ಲಿತ್ತೋ ಅಲ್ಲೇ ಬೋರಲು ಹಾಕಿದ.

"ಬಾಳ ಉಪಕಾರ ಆತು. ಬರ್ತೀನ್ರಿ ತಾಯಿ," ಅಂದ. ಮಗಳಿಗೇ ಅಂದ, ರೀ ಹಚ್ಚಿ.

ಅಷ್ಟರಲ್ಲಿ ಮಹಡಿಯ ಬಾಗಿಲು ಕಿರ್ರೆಂದಿತು. ನಿದ್ದೆಯಿಂದ ಎದ್ದ ಶಾಲಿನಿ ಕೆದರಿದ ತಲೆಯಲ್ಲಿ ಮೆಟ್ಟಿಲ ಮೇಲೆ ಬಂದು ನಿಂತಳು. ತಾತನನ್ನು ನೋಡಿದಳು, ಚೀಲದಲ್ಲಿದ್ದ ಕೋಳಿಯನ್ನು ನೋಡಿದಳು, ಅವಳ ಕಣ್ಣು ಫಳಕ್ಕಂತು. ಆಮೇಲೆ ಅಮ್ಮನ ಮುಖ ನೋಡಿದಳು. ಸ್ವಾತಿ ಸನ್ನೆ ಕೂಡ ಮಾಡಬೇಕಾಗಲಿಲ್ಲ. ಮಗು ಎರಡೂ ಅಂಗೈಯಿಂದ ಬಾಯಿ ಮುಚ್ಚಿಕೊಂಡಿತು.

ಅಪ್ಪ ಮೊಮ್ಮಗಳ ಸೊರಗಿದ ಕೈಕಾಲುಗಳನ್ನು ಒಮ್ಮೆ ಕಣ್ತುಂಬ ನೋಡಿ ತಲೆ ತಗ್ಗಿಸಿದ.

"ಮುಂದಿನ ಬೀದೀಲಿ ವಿಂಡ್‌ಮಿಲ್ ಹುಡುಗ್ರು ಅವರೆ ನೋಡಪ್ಪ, ಹಸಿರು ಗೇಟು. ಅವರು ತಗಂತಾರೆ," ಅಂದರು ಹೇಮಾವತಿ. ಒಳ್ಳೆಯದಾಗಲಿ ಅಂತಲೇ ಅಂದರು.

ಆಯ್ತವ್ವಾ ಅಂತ ಅವನು ಹೊರಟ. ಸುಮ್ಮನೆ ಹೋಗಬಹುದಿತ್ತು. ನಾಲ್ಕು ಹೆಜ್ಜೆ ಹೋದವನು ನಿಂತು, ಗಂಟಲು ಸರಿಮಾಡಿಕೊಂಡು ಕೂಗಿದ: "ಕೋಳೀ... ನಾಟಿ ಕೋಳೀ..." ಹುಟ್ಟಿದಾಗಿನಿಂದ ಬೀದಿಯಲ್ಲಿ ಏನನ್ನೂ ಮಾರದ ಮನುಷ್ಯ. ಹೊಲದ ಆ ಬದುವಿನಿಂದ ಮಗಳನ್ನು ಬುತ್ತಿಗೆ ಕರೆಯುತ್ತಿದ್ದ ಗಂಟಲು ಅದು. ಮಗಳ ಸುಳ್ಳು ಎಲ್ಲಿ ಬಿದ್ದುಹೋದೀತೋ ಅಂತ ಬೀದಿಯ ಕೊನೆಯವರೆಗೂ ಕೂಗಿಕೊಂಡೇ ಹೋದ.

"ಪಾಪ, ಒಳ್ಳೆ ಮನುಷ್ಯನಂಗೆ ಕಾಣ್ತಾನೆ," ಅಂತ ಹೇಮಾವತಿ ಮೊರ ಎತ್ತಿಕೊಂಡರು.

ಸ್ವಾತಿ ಮಹಡಿ ಹತ್ತಿ ಬಾಗಿಲು ಹಾಕಿಕೊಂಡಳು. ಶಾಲಿನಿ ಇನ್ನೂ ಬಾಯಿಯಿಂದ ಕೈ ತೆಗೆದಿರಲಿಲ್ಲ. ಬೆರಳ ಸಂದಿಯಿಂದಲೇ ಪಿಸುಗುಟ್ಟಿದಳು: "ಅಮ್ಮಾ, ತಾತ ಅಂತಾನೂ ಹೇಳ್ಬಾರ್ದಾ?"

ಸ್ವಾತಿ ತಲೆ ಆಡಿಸಿದಳು. ಹೌದೆಂದೋ ಇಲ್ಲವೆಂದೋ ಅವಳಿಗೇ ತಿಳಿಯಲಿಲ್ಲ. ಮಗು ತನಗೆ ತೋಚಿದ ಹಾಗೆ ತಿಳಿದುಕೊಂಡಿತು.

ಅಪ್ಪನ ಫೋನು ಮೂರನೆಯ ಸಲಕ್ಕೆ ಹತ್ತಿತು. ಬಸ್ಸಿನ ಸದ್ದು ಕೇಳುತ್ತಿತ್ತು.

"ಅಪ್ಪಾ..."

"ಸೀಟು ಸಿಕ್ತು ಕಣವ್ವ. ಬಸ್ಸು ಖಾಲಿ ಐತೆ."

"ಅಪ್ಪಾ, ನಾನು... ಈ ಮನೆ ಬಿಟ್ರೆ ನಮ್ಗೆ ಬ್ಯಾರೆ..."

"ಗೊತ್ತಾತು ಬಿಡು ಮಗಾ. ಒಂದ್ ಮಾತು ಮೊದ್ಲೇ ಹೇಳಿದ್ರೆ ನಾನು ಗೇಟಿನ ತಂಕ ಬರ್ತಾನೇ ಇರ್ಲಿಲ್ಲ. ಬಸ್ ಸ್ಟ್ಯಾಂಡ್‌ನಾಗೇ ಮಗೂನ ನೋಡ್ಕಂಡು ಹೋಗ್ತಿದ್ದೆ."

ಬೈಯಬಾರದಿತ್ತೇ ಅಂತ ಸ್ವಾತಿ ಸೆರಗು ಕಚ್ಚಿದಳು. ಬೈದಿದ್ದರೆ ಅತ್ತು ಹಗುರವಾಗಬಹುದಿತ್ತು. ಅಪ್ಪನೇ ಹೇಳಿದ: "ನಿಮ್ಮವ್ವಂಗೆ ನಾನು ಹೇಳ್ತೀನಿ. ಮಗು ಎರಡು ಬಟ್ಲು ಸಾರು ಕುಡೀತು, ತೊಡೆ ಮ್ಯಾಲೆ ಕುಂತಿತ್ತು ಅಂತ. ನೀನೂ ಅಂಗೇ ಹೇಳು. ಅವ್ಳೇ ಆ ಹ್ಯಾಟೇನ ಕೈಯಾಗೆ ಕಾಳು ಹಾಕಿ ಸಾಕಿದ್ಲು. ಮಗು ತಿನ್ಲಿಲ್ಲ ಅಂದ್ರೆ ತಡ್ಕಳಲ್ಲ."

ಎಂಟು ತಿಂಗಳ ಹಿಂದೆ ಈ ಮನೆಯ ಜಗಲಿಯ ಮೇಲೆ ಆಡಿದ ಸುಳ್ಳು ಈಗ ಬಸ್ಸು ಹತ್ತಿ ಜವನಗೊಂಡನಹಳ್ಳಿಗೂ ಹೊರಟಿತ್ತು, ಸುಳ್ಳು ಹೇಳಿ ಅಭ್ಯಾಸವೇ ಇಲ್ಲದ ಬಾಯಿಯಲ್ಲಿ ಕೂತುಕೊಂಡು. ಸ್ವಾತಿ ಫೋನಿಟ್ಟು ಸೀರೆಗೆ ಫಾಲ್ಸ್ ಹಚ್ಚಲು ಕೂತಳು. ಹಚ್ಚಿದ್ದನ್ನು ಬಿಚ್ಚಿದಳು, ಬಿಚ್ಚಿದ್ದನ್ನು ಹಚ್ಚಿದಳು. ಮಧ್ಯಾಹ್ನ ವಿನೋದ ಗುಡ್ಡದ ಮೇಲಿಂದ ಫೋನು ಮಾಡಿ, "ಮಾವ ನಿನ್ನೆ ಮನೆ ಗುರುತು ಕೇಳ್ತಿದ್ರು, ಬಂದ್ರಾ?" ಅಂತ ಕೇಳಿದ. "ಬಂದಿದ್ರು," ಅಂದಳು. ಅದಾದರೂ ನಿಜವಾಗಿತ್ತು.

ಸಂಜೆ ದೀಪ ಹಚ್ಚುವ ಹೊತ್ತಿಗೆ ಮುಂದಿನ ಬೀದಿಯಿಂದ ವಾಸನೆ ಬಂತು. ಕೊತ್ತಂಬರಿ, ಚಕ್ಕೆ, ಹುರಿದ ಕೊಬ್ಬರಿ, ಅದರ ಹಿಂದೆಯೇ ನಾಟಿ ಕೋಳಿಯ ಸಾರು ಕುದಿಯುವ ಗಮ. ಹಸಿರು ಗೇಟಿನ ಹುಡುಗರ ಮನೆಯಿಂದ ನಗು, ಮೊಬೈಲಿನ ಹಾಡು. ಶಾಲಿನಿ ಕಿಟಕಿಯ ಸರಳು ಹಿಡಿದು ನಿಂತು, ಮೂಗೆತ್ತಿ ಗಾಳಿ ಎಳೆದುಕೊಂಡಳು. ಜ್ವರ ಬಿಟ್ಟ ಮೇಲೆ ಮಗು ಇಷ್ಟು ಆಸೆಯಿಂದ ಯಾವುದನ್ನೂ ನೋಡಿದ್ದಿಲ್ಲ.

ಬಾಗಿಲು ತಟ್ಟಿದ ಸದ್ದಾಯಿತು. ಹೇಮಾವತಿ ಬಟ್ಟಲಿಗೆ ಸೆರಗು ಸುತ್ತಿಕೊಂಡು ಮೆಟ್ಟಿಲು ಹತ್ತಿ ಬಂದಿದ್ದರು, ಮಂಡಿ ನೋವಿನಲ್ಲೂ.

"ಬಾರೆ ಪುಟ್ಟಿ, ಬಿಸಿ ಸಾರು ಕುಡಿ. ಇವತ್ತು ತುಪ್ಪದ ಒಗ್ಗರಣೆ ಹಾಕಿದೀನಿ," ಅಂದರು. ಆಮೇಲೆ ಮೂಗಿಗೆ ಸೆರಗು ಹಿಡಿದರು. "ಅಬ್ಬಾ, ಇದೇನೇ ಈ ವಾಸ್ನೆ! ಆ ಮುದುಕಪ್ಪ ಕೋಳೀನ ಅವರಿಗೇ ಕೊಟ್ಟು ಹೋದ ಕಾಣುತ್ತೆ. ಮಗೂಗೆ ವಾಂತಿ ಬಂದೀತು ಕಣೇ, ಕಿಟಕಿ ಹಾಕಬಾರ್ದಾ?"

ಸ್ವಾತಿ ಏಳುವ ಮೊದಲೇ ಶಾಲಿನಿ ಕಿಟಕಿಯಿಂದ ತಿರುಗಿದಳು. ಅಮ್ಮನ ಮುಖವನ್ನು ನೋಡಲಿಲ್ಲ, ಯಾರನ್ನೂ ಕೇಳಲಿಲ್ಲ. ಪುಟ್ಟ ಮೂಗು ಸುಕ್ಕು ಮಾಡಿ, "ಥೂ! ವಾಸ್ನೆ ಅಜ್ಜಿ," ಅಂದಳು.

"ಅಯ್ಯೋ ನನ್ನ ಬಂಗಾರ!" ಹೇಮಾವತಿ ನಕ್ಕು ಮಗುವಿನ ಕೆನ್ನೆ ಹಿಂಡಿದರು.

ಸ್ವಾತಿ ಎದ್ದು ಕಿಟಕಿಯ ಬಾಗಿಲು ಎಳೆದಳು. ಕೆಳಗೆ ಗೇಟಿನ ಪಕ್ಕ, ನಲ್ಲಿಯ ಮೇಲಿನ ಗೂಡಿನಲ್ಲಿ, ಅಪ್ಪ ತೊಳೆದಿಟ್ಟ ಲೋಟ ಬೋರಲಾಗಿತ್ತು. ಒಳಗೆ ಶಾಲಿನಿ ಎರಡೂ ಕೈಯಲ್ಲಿ ಬಟ್ಟಲು ಹಿಡಿದು ಮೆಣಸಿನ ಸಾರನ್ನು ಗುಟುಕು ಗುಟುಕಾಗಿ ಕುಡಿಯುತ್ತಿದ್ದಳು. ಬಟ್ಟಲ ಅಂಚಿನ ಮೇಲಿಂದ ಅವಳ ಕಣ್ಣು ಮುಚ್ಚಿದ ಕಿಟಕಿಯ ಕಡೆಗೇ ಇತ್ತು.