ನಿಂಬೆಮನೆಯ ಊಟ

"ನಿಂಬೆಮನೆ ಪೂರ್ತಿ ಖಾಲಿ ಕಾಣ್ಬೇಕು" ಎಂದು ದಲ್ಲಾಳಿ ರಗ್ಯಾಂತಿ ಹೇಳಿದ್ದು ವಿಲ್ಲಾದ ಒಡತಿ ಸಿನ್ಯೋರಾ ಒತ್ತಾವಿಯಾ ಅವರಿಗೆ. ಕಿಟಕಿ ಒರೆಸುತ್ತಿದ್ದ ನನ್ನ ಕಿವಿಗೂ ಅದು ಬಿತ್ತು. "ಮದುವೆ ಊಟಕ್ಕೆ ಇಂಥ ಹಾಲ್ ಲುಕ್ಕಾದ ಸುತ್ತ ಎಲ್ಲೂ ಇಲ್ಲ. ಹಿಂದಿನ ಎರಡು ಕೋಣೆ ಒಡೆದ್ರೆ ಅಡುಗೆಮನೆಯೂ ಆಗುತ್ತೆ. ಕೊಳ್ಳೋಕೆ ಬರೋ ಡೆನ್ಮಾರ್ಕಿನವರು ಅಲ್ಲೇ ಕೈ ಕುಲುಕ್ತಾರೆ, ನೋಡ್ತಿರಿ."

ಆ ಎರಡು ಕೋಣೆಗಳಲ್ಲಿ ಇರುವವರು ನಾನು ಮತ್ತು ನನ್ನಣ್ಣ ಫೆರುಚೊ. ಚಳಿಗಾಲದಲ್ಲಿ ನಮ್ಮ ಒಲೆಯ ಬಿಸಿ ಗೋಡೆ ದಾಟಿ, ಚಳಿ ತಾಗದಂತೆ ನಿಂಬೆಮನೆಯೊಳಗೆ ಇಟ್ಟ ಕುಂಡದ ನಿಂಬೆಗಿಡಗಳಿಗೆ ತಗಲುತ್ತದೆ, ಗಿಡಗಳ ವಾಸನೆ ನಮ್ಮ ಹಾಸಿಗೆಗೆ ಬರುತ್ತದೆ. ನಿಂಬೆಮನೆ ಮದುವೆಮನೆಯಾದರೆ ಗಿಡಗಳಿಗೆ ಚಳಿಗಾಲದ ಮನೆ ಇಲ್ಲ. ಗಿಡಗಳಿಲ್ಲದ ಮೇಲೆ ನಮ್ಮಿಬ್ಬರಿಗೆ ಅಲ್ಲೇನು ಕೆಲಸ? ಪಟ್ಟಣದ ವೃದ್ಧಾಶ್ರಮದ ಕಬ್ಬಿಣದ ಮಂಚಗಳನ್ನು ನಾನು ನೋಡಿದ್ದೇನೆ. ಆ ರಾತ್ರಿಯಿಂದ ನನಗೆ ನಿದ್ದೆ ಹತ್ತಲಿಲ್ಲ.

ಅಣ್ಣನಿಗೆ ಕೋಣೆಯ ವಿಚಾರ ಹೇಳಲಿಲ್ಲ. ಗಿಡಗಳನ್ನು ಹೊರಗಿಡಬೇಕಂತೆ ಎಂದಷ್ಟೇ ಹೇಳಿದೆ. ಅಷ್ಟಕ್ಕೇ ಅವನು ಟೋಪಿಯನ್ನು ನೆಲಕ್ಕೆ ಎಸೆದ.

"ಏಪ್ರಿಲ್‌ನಲ್ಲಾ? ಮೇ ತಿಂಗಳ ಕೊನೇ ಚಳಿ ತರೋ ಹಿಮದ ಸಂತರ ಮೂರು ಹಬ್ಬವೂ ಇನ್ನೂ ಬಂದು ಹೋಗಿಲ್ಲ! ಮೇ ಅರ್ಧ ಕಳೀದೆ ನಿಂಬೆ ಹೊಸ್ತಿಲು ದಾಟೋದುಂಟಾ? ಆ ರಗ್ಯಾಂತೀನ ಅಂಗಿ ಬಿಚ್ಚಿಸಿ ಹೊರಗೆ ಮಲಗಿಸು, ಆಮೇಲೆ ನನ್ನ ಗಿಡದ ಮಾತು."

ಸಿನ್ಯೋರಾ ಬೇಡವೆನ್ನಬಹುದಿತ್ತು. ಆದರೆ ಈ ವಿಲ್ಲಾದ ಮಾಡು, ಗೋಡೆಯ ಚಿತ್ರಗಳು, ಒಡೆದ ಕಾರಂಜಿ ಎಲ್ಲವನ್ನೂ ಮೊದಲಿನಂತೆ ನಿಲ್ಲಿಸುವುದರಲ್ಲಿ ಅವರ ಪ್ರಾಯವೂ ಆಸ್ತಿಯೂ ಕರಗಿದ್ದವು. ಈಗ ಮಾರದೆ ಗತಿಯಿರಲಿಲ್ಲ. ಅವರು ನಮಗೆ ಎಂದೂ ಕೆಟ್ಟದ್ದು ಮಾಡಿದವರಲ್ಲ. ನನ್ನ ಸಂಕಟ ಹೆಚ್ಚಿದ್ದೂ ಅದರಿಂದಲೇ.

ಏಪ್ರಿಲ್ ಇಪ್ಪತ್ತೈದು, ದೇಶದ ವಿಮೋಚನೆಯ ದಿನದ ರಜೆ; ಡೆನ್ಮಾರ್ಕಿನವರು ಬರುವುದೂ ಅವತ್ತೇ. ಕುಂಡ ಹೊರಲು ಊರಿನ ಗಂಡಸರೆಲ್ಲ ಬಂದರು. ಮುಂದಾಳು ದುಯಿಲಿಯೊ, ಕಲ್ಲುಕುಟಿಗ. ಒಂದೊಂದು ಮಣ್ಣಿನ ಕುಂಡವೂ ಕರುವಿನಷ್ಟು ಭಾರ. ಹಗ್ಗ ಸುತ್ತಿ, ಎರಡು ಗಳ ತೂರಿಸಿ, ನಾಲ್ವರು ಒಂದೇ ಉಸಿರಿಗೆ ಎತ್ತಬೇಕು. ವಿಲ್ಲಾದ ಲೆಕ್ಕದಲ್ಲಿ ಅವರಿಗೆ ಊಟ. ಆ ಊಟಕ್ಕೊಂದು ಕಟ್ಟಳೆ ಇದೆ: ಕೊನೆಯ ಕುಂಡ ಇಳಿದ ಮೇಲೆಯೇ ಸಾರು ಕುದಿಯುವ ವಾಸನೆ ಹೊರಗೆ ಬರಬೇಕು. ಉಂಡವನು ಗಳ ಮುಟ್ಟಕೂಡದು. ದುಯಿಲಿಯೊನ ಅಪ್ಪ ಹಿಂದೊಮ್ಮೆ ನಡುವೆ ಎರಡು ಲೋಟ ವೈನ್ ಕುಡಿದು ಗಳಕ್ಕೆ ಹೆಗಲು ಕೊಟ್ಟ. ಕುಂಡ ಕಾಲ ಮೇಲೆ ಬಿದ್ದು ಸಾಯುವ ತನಕ ಕುಂಟಿದ. ಅಲ್ಲಿಂದೀಚೆ ಆ ಮಾತನ್ನು ಯಾರೂ ಮೀರಿಲ್ಲ.

ಕೆಲವು ಕುಂಡಗಳು ಹೊರಗೆ ಬಂದವು. ಬಾಗಿಲುಗಳನ್ನೆಲ್ಲ ತೆರೆದಿಟ್ಟಿದ್ದರು. ಬೆಟ್ಟದ ಗಾಳಿ ಒಳನುಗ್ಗಿ, ನೆಲದ ಒದ್ದೆ ವೃತ್ತಗಳನ್ನು ಒಣಗಿಸುತ್ತಿತ್ತು. ಖಾಲಿಯಾದ ಮೂಲೆಯಲ್ಲಿ ರಗ್ಯಾಂತಿ ತೋಳು ಚಾಚಿ ನಿಂತು, "ಇಲ್ಲಿ ವಾದ್ಯದವರು" ಎಂದು ತನಗೆ ತಾನೇ ಹೇಳಿಕೊಂಡ.

ನಾನು ಅಡುಗೆಮನೆಗೆ ಹೋಗಿ, ಮಧ್ಯಾಹ್ನಕ್ಕೆಂದು ಮುಚ್ಚಿಟ್ಟಿದ್ದ ಮಾಂಸದ ಸಾರನ್ನು ಒಲೆಗೇರಿಸಿದೆ. ರಾತ್ರಿಯೇ ಮಡಿಚಿಟ್ಟ ತೊರ್ತೆಲ್ಲಿ ಕಡುಬುಗಳನ್ನು ಕುದಿಯುವ ನೀರಿಗೆ ಬಿಟ್ಟೆ. ಅವಸರಕ್ಕೆ ಉಪ್ಪು ಎರಡು ಸಲ ಬಿತ್ತೋ ಏನೋ. ಅಂಗಳದ ಮೇಜಿಗೆ ಬಟ್ಟೆ ಹಾಸಿ ವೈನ್ ಇಟ್ಟು ಕೂಗಿದೆ, "ಬನ್ರೋ, ಊಟ!"

ಗಂಡಸರು ಗಳ ಹಿಡಿದೇ ನನ್ನತ್ತ ತಿರುಗಿದರು.

"ಜೆಲಿಂದಕ್ಕ, ಗಡಿಯಾರ ಕೆಟ್ಟಿದ್ಯಾ, ತಲೆ ಕೆಟ್ಟಿದ್ಯಾ?" ಎಂದ ದುಯಿಲಿಯೊ.

"ತೊರ್ತೆಲ್ಲಿ ಕಾಯಲ್ಲ. ಬೇಡ ಅನ್ನೋನು ನಾಯಿಗೆ ಹಾಕ್ಲಿ."

ಅಣ್ಣ ಕೆಂಪಗಾದ. "ನಿನಗೇನು ಬಂತೇ? ಅರ್ಧ ಹೊರಗೆ, ಅರ್ಧ ಒಳಗೆ!"

ಉಂಡ ಮೇಲೆ ಹೊರಗಿದ್ದ ಗಿಡಗಳನ್ನು ಒಳಗೆ ತರುವವರೂ ಇಲ್ಲವೆಂಬುದು ನನಗೆ ಹೊಳೆದೇ ಇರಲಿಲ್ಲ. ಅಷ್ಟರಲ್ಲಿ ರಗ್ಯಾಂತಿ, "ತಿನ್ಲಿ ಬಿಡ್ರಿ, ತಿಂದ್ರೆ ಬೇಗ ಎತ್ತುತ್ತಾರೆ" ಎಂದುಬಿಟ್ಟ. ಅವನು ಸಮುದ್ರದ ಕಡೆಯವನು, ನಮ್ಮ ಕಟ್ಟಳೆ ಅವನಿಗೇನು ಗೊತ್ತು? ದುಯಿಲಿಯೊ ನನ್ನನ್ನು ನೋಡಿದ, ಅವನನ್ನು ನೋಡಿದ, ಗಳವನ್ನು ಗೋಡೆಗೆ ಒರಗಿಸಿದ. "ಯಜಮಾನರೇ ಅಂದ್ಮೇಲೆ ಆಯ್ತು."

ಸಿನ್ಯೋರಾ ಮೆಟ್ಟಿಲಿಳಿದು ಬಂದರು. ಕಟ್ಟಳೆ ಅವರಿಗೆ ಚೆನ್ನಾಗಿ ಗೊತ್ತು. ಮೇಜನ್ನು ನೋಡಿದರು, ತುಂಬಿದ ಲೋಟಗಳನ್ನು ನೋಡಿದರು, ಕೊನೆಗೆ ನನ್ನನ್ನು.

"ಕೊಳ್ಳೋರು ವಾಪಸ್ ಹೋದ್ರೆ ನಾನು ಎಲ್ಲಿಗೆ ಹೋಗ್ಲಿ, ಜೆಲಿಂದಾ?" ಎಂದು ಮೆಲ್ಲಗೆ ಕೇಳಿದರು.

"ನಾವೂ ಅಷ್ಟೇ ಅಮ್ಮ. ಎಲ್ಲಿಗೆ ಹೋಗೋಣ?"

ಅವರು ಕುರ್ಚಿ ಎಳೆದುಕೊಂಡರು. "ನನಗೂ ಒಂದು ತಟ್ಟೆ ಹಾಕು."

ಡೆನ್ಮಾರ್ಕಿನವರು ಬಂದಾಗ ಮೇಜಿನ ಮೇಲೆ ಬ್ರೆಡ್ಡಿನ ಚೂರು ಮಾತ್ರ ಉಳಿದಿತ್ತು. ರಗ್ಯಾಂತಿ ಎತ್ತಿ ಎತ್ತಿ ಎಂದು ಕೈಮುಗಿದರೂ ಯಾರೂ ಏಳಲಿಲ್ಲ. "ಉಂಡ್ಮೇಲೆ ಎತ್ತೋದಾ? ಅಪ್ಪನ ಕುಂಟು ನಮ್ಮ ಮನೆಗೆ ಒಂದೇ ಸಾಕು" ಎಂದು ದುಯಿಲಿಯೊ ಹಲ್ಲುಕಡ್ಡಿ ಹುಡುಕಿದ. ಎಲ್ಲಕ್ಕಿಂತ ಮುದಿ ಗಿಡ ನಡುಬಾಗಿಲಲ್ಲೇ ಅಡ್ಡ ಕೂತಿತ್ತು. ಒಳಗಿನ ಹಾಲ್ ಕಾಣಬೇಕಾದರೆ ಅದರ ಎಲೆ ಸರಿಸಿ ಇಣುಕಬೇಕು.

ಗಾಳಿ ಏರುತ್ತಿತ್ತು. ಬೆಟ್ಟದ ನೆತ್ತಿಯ ಮೋಡ ಸರಿದು ಆಕಾಶ ಗಾಜಿನಂತೆ ತಿಳಿಯಾಗಿತ್ತು. ರಾತ್ರಿ ಇಬ್ಬನಿ ಹೆಪ್ಪುಗಟ್ಟುವ ಲಕ್ಷಣ. ಅಣ್ಣ ಯಾರನ್ನೂ ಕೇಳದೆ ವಿಲ್ಲಾದ ಮೇಲಂತಸ್ತಿಗೆ ಹೋಗಿ, ಕೊಳ್ಳುವವರು ನೋಡಲೆಂದು ಹಾಸಿದ್ದ ಮಖಮಲ್ಲಿನ ಮೇಲುಹೊದಿಕೆಗಳನ್ನೆಲ್ಲ ಬಾಚಿ ತಂದ. ಒಂದೊಂದೇ ಗಿಡಕ್ಕೆ ಹೊದಿಸಿ, ಮಗುವಿನ ಕತ್ತಿಗೆ ಸುತ್ತುವಂತೆ ಕಾಂಡಕ್ಕೆ ಸುತ್ತಿ, ಹಗ್ಗ ಬಿಗಿದ.

"ಅಯ್ಯೋ, ಅದು ಸಿಯೆನಾದಿಂದ ತರಿಸಿದ್ದು!" ಎಂದು ರಗ್ಯಾಂತಿ ಚೀರಿದ.

"ಹಂಗಾದ್ರೆ ನಿನ್ನ ಕೋಟು ಕೊಡು" ಎಂದ ಅಣ್ಣ.

ಕೊಳ್ಳಲು ಬಂದ ತೋರ್ಬೆನ್ ಎತ್ತರದ, ಮೆತ್ತಗಿನ ಮನುಷ್ಯ. ನಮ್ಮ ಭಾಷೆ ಅಲ್ಪಸ್ವಲ್ಪ ಬರುತ್ತಿತ್ತು. ಹೊದಿಕೆಯೊಂದನ್ನು ಎತ್ತಿ ನೋಡಿ, "ಒಂದು ರಾತ್ರಿಗೇ ಸಾಯ್ತವಾ ಇವು?" ಎಂದು ಕೇಳಿದ.

"ಸಾಯ್ಬಹುದು" ಎಂದ ಅಣ್ಣ. ಅವನಿಗೆ ಸುಳ್ಳು ಬರುವುದಿಲ್ಲ.

"ಎಷ್ಟು ಹಳೇವು?"

"ನನ್ನ ತಾತ ಇವಕ್ಕೆ ಅಜ್ಜಿ ಅಂತಿದ್ದ."

ಗಂಡ ಹೆಂಡತಿ ಆಚೆ ಹೋಗಿ ತಮ್ಮ ಭಾಷೆಯಲ್ಲಿ ಬಹಳ ಹೊತ್ತು ಮಾತಾಡಿಕೊಂಡರು. ಹೆಂಡತಿ ಪದೇ ಪದೇ ಹೊದಿಕೆ ಹೊದ್ದ ಗಿಡಗಳತ್ತ ನೋಡುತ್ತಿದ್ದಳು. ಹೋಯಿತು, ಎಲ್ಲವೂ ನನ್ನ ಕೈಯಾರೆ ಹೋಯಿತು ಎಂದುಕೊಂಡೆ. ಪಕ್ಕದಲ್ಲಿ ಸಿನ್ಯೋರಾ ಉಸಿರಾಡುವ ಸದ್ದು ಕೇಳುತ್ತಿತ್ತು. ಅವರ ಮುಖ ನೋಡಲು ಧೈರ್ಯವಾಗಲಿಲ್ಲ.

ತೋರ್ಬೆನ್ ಹಿಂದಿರುಗಿ ಬಂದ. "ಮನೆ ಇಷ್ಟ ಆಯ್ತು. ಆದರೆ ಈ ಗಿಡಗಳು ಹೆದರಿಸ್ತಾವೆ. ಇಷ್ಟು ಕಾಲ ಬದುಕಿದ್ದು ನಮ್ಮ ಕೈಗೆ ಬಂದು ಸತ್ತರೆ ಹೇಗೆ? ಇವರಿಬ್ಬರೂ ಎರಡು ಚಳಿಗಾಲ ಇಲ್ಲೇ ಇದ್ದು ನಮಗೆ ಕಲಿಸೋದಾದ್ರೆ ತಗೊಳ್ತೀವಿ. ಇಲ್ಲಾಂದ್ರೆ ಬೇಡ."

"ಮದುವೆ ಹಾಲ್ ಆಗುತ್ತಲ್ಲ..." ಎಂದು ರಗ್ಯಾಂತಿ ತೊದಲಿದ. ಹೆಂಡತಿ ಅವನತ್ತ ತಿರುಗಿಯೂ ನೋಡಲಿಲ್ಲ.

ಸಿನ್ಯೋರಾ ನನ್ನ ಮುಂಗೈ ಹಿಡಿದರು. ಅವರ ಬೆರಳುಗಳು ಹಿಮದಂತಿದ್ದವು. ಎರಡು ಚಳಿಗಾಲ. ಅದರಾಚೆಗೆ ಏನು?

ಅಣ್ಣ ಮಾತ್ರ ಹಗ್ಗದ ಗಂಟು ಬಿಗಿಯುತ್ತ ಗೊಣಗಿದ: "ಎರಡಾ? ಈ ವರ್ಷ ಕಸಿ ಕಟ್ಟಿದ್ದು ಕಾಯಿ ಬಿಡೋಕೇ ನಾಲ್ಕು ಚಳಿಗಾಲ ಬೇಕು. ಅದನ್ನ ಅವನಿಗೆ ಹೇಳೇ ಜೆಲಿಂದಾ, ನಾನು ಹೇಳಿದ್ರೆ ಜಗಳ ಆಗುತ್ತೆ."

ನಾನು ಕೈ ಒರೆಸಿಕೊಂಡು ತೋರ್ಬೆನ್ ಹತ್ತಿರ ನಡೆದೆ.