ಪಾಲಿನ ಲಾರಿ

ಪಕ್ಕದ ಸೀಟು ಖಾಲಿ, ಮಸಿಯೂ ಇಲ್ಲ, ಬೆಳಿಗ್ಗೆ ನಾನೇ ಟವಲಿನಲ್ಲಿ ಒರೆಸಿದ್ದೆ, ಲಕ್ಷ್ಮಯ್ಯ ಒಗೆದ ಪಂಚೆ ಉಟ್ಟು ಬರುತ್ತಾನೆ, ಲೇಬರ್ ಸಾಹೇಬರ ಮುಂದೆ ನಿಲ್ಲುವವನು, ಇದ್ದಲಿನ ಕರಿ ಮೆತ್ತಿಕೊಳ್ಳಬಾರದು ಅಂತ, ಬರುವಾಗ ಇಲ್ಲೇ ಕೂತಿದ್ದ, ಕುಂದಾಣದಿಂದ ದೊಡ್ಡಬಳ್ಳಾಪುರದವರೆಗೂ ಬಾಯಿ ಮುಚ್ಚಲಿಲ್ಲ, ಈಗ ಹಿಂದೆ ಸೀರೆ ಗಂಟುಗಳ ಮೇಲೆ ಕೂತಿದ್ದಾನೆ, ಮುಂದೆ ಹತ್ತೋ ಅಂದರೆ ಇರ್ಲಿ ಬುದ್ಧಿ, ನಾನು ಹಿಂದ್ಗಡೆ ಕೂತ್ಕೊಂತೀನಿ ಅಂದ — ಬುದ್ಧಿ ಅಂತೆ, ಬುದ್ಧಿ, ನಮ್ಮಪ್ಪನ ಮನೆಯಲ್ಲಿ ಜೀತಕ್ಕಿದ್ದಾಗ ನನ್ನನ್ನು ಹಾಗೆ ಕರೆಯುತ್ತಿದ್ದ, ಲಾರಿಗೆ ಸೇರಿದ ಮೇಲೆ ಒಂದು ದಿನವೂ ಆ ಮಾತು ಅವನ ಬಾಯಲ್ಲಿ ಬಂದಿರಲಿಲ್ಲ, ಗೋಪಾಲಣ್ಣ ಅನ್ನುತ್ತಿದ್ದ, ಮೊದಮೊದಲು ನನಗೆ ಮೈ ಉರಿಯುತ್ತಿತ್ತು, ಏನಿವನು ಅಣ್ಣ ತಮ್ಮ ಅಂತಾನೆ ಅಂತ, ಆಮೇಲೆ ಅದೇ ರೂಢಿಯಾಯಿತು, ರೂಢಿಯಾಗಿ ಇಷ್ಟವೂ ಆಯಿತು, ಈವತ್ತು ಬೆಳಿಗ್ಗೆ ಕೂಡ, ಏನ್ ಗೋಪಾಲಣ್ಣ, ಸೀಟೆಲ್ಲಾ ಒರೆಸಿದ್ದೀಯ, ನಾನೇನು ಮದುವೆ ಗಂಡಾ ಅಂತ ನಕ್ಕ, ಸುಟ್ಟ ಕೆನ್ನೆ ನೋಯುತ್ತದೆ ಅಂತ ಅರ್ಧ ಬಾಯಲ್ಲಿ ನಕ್ಕ. ನಾನು ಅವನ ಜೊತೆ ಸೇರಿಕೊಂಡು ನಕ್ಕೆನಲ್ಲ, ಮಧ್ಯಾಹ್ನದ ಹೊತ್ತಿಗೆ ಏನು ಮಾಡಲಿದ್ದೇನೆ ಅಂತ ಗೊತ್ತಿಲ್ಲದೆ ನಕ್ಕೆ.

ಲಾರಿ ತಿಣುಕುತ್ತಿದೆ, ಇದ್ದಲಿನ ಗ್ಯಾಸು ಅಂದರೆ ಇಷ್ಟೇ, ಈ ಯುದ್ಧ ಶುರುವಾಗಿ ಪೆಟ್ರೋಲಿಗೆ ಬರ ಬಂದ ಮೇಲೆ ಎಲ್ಲಾ ಲಾರಿಗಳ ಬೆನ್ನಿಗೂ ಒಂದೊಂದು ಕಬ್ಬಿಣದ ಡ್ರಮ್ಮು ಕಟ್ಟಿದರು, ಅದಕ್ಕೆ ಇದ್ದಲು ತುಂಬು, ಬೆಂಕಿ ಹಾಕು, ಗಾಳಿ ಚಕ್ರದ ಹಿಡಿ ಹಿಡಿದು ತಿರುಗಿಸು ತಿರುಗಿಸು, ರಟ್ಟೆ ಬಿದ್ದುಹೋಗುವ ತನಕ ತಿರುಗಿಸು, ಆಗ ಗ್ಯಾಸು ಬರುತ್ತೆ, ಆಗ ಲಾರಿ ಏಳುತ್ತೆ, ಸಂಜೆ ಬಂದ ಮೇಲೆ ಬೂದಿ ತೆಗೆ, ಕೊಳವೆ ಉಜ್ಜು, ನಾಳೆಗೆ ಇದ್ದಲು ಒಡೆದಿಡು — ಲಾರಿ ಓಡಿದ್ದಕ್ಕಿಂತ ಲಾರಿಗೆ ಚಾಕರಿ ಮಾಡಿದ ಹೊತ್ತೇ ಹೆಚ್ಚು, ಆ ಹೊತ್ತಿಗೆ ಸಂಬಳ ಯಾರು ಕೊಡ್ತಾರೆ ಅಂತ ನಾವು ಡ್ರೈವರುಗಳೆಲ್ಲ ಸೇರಿ ಸಾಹುಕಾರ್ ಆದಿನಾರಾಯಣಪ್ಪನವರನ್ನು ಕೇಳಲು ಹೋದೆವು, ನಾನೇ ಮುಂದೆ, ನಾನೇ ಹಿರಿಯ, ಅವರು ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು, ಹಜಾರದಲ್ಲಿ ಚಾಪೆ ಹಾಸಿಸಿ ಕೂರಿಸಿದರು, ಬೆಳ್ಳಿ ಲೋಟದಲ್ಲಿ ಕಾಫಿ, ತಟ್ಟೆಯಲ್ಲಿ ಎಲೆ ಅಡಿಕೆ, ಅಲ್ರಪ್ಪಾ, ಸಂಬಳ ಗಿಂಬಳ ಅನ್ನೋದು ಆಳುಗಳ ಮಾತು, ನೀವು ಆಳುಗಳಾ, ಈವತ್ತಿಂದ ನೀವು ನನ್ನ ಪಾಲುದಾರ್ರು, ಪಾರ್ಸಲ್ ಬಾಡಿಗೇಲಿ ನಿಮಗೂ ಪಾಲು, ಲಾರಿ ನಿಮ್ಮದೇ ಅನ್ಕೊಳ್ಳಿ ಅಂದರು, ನಮ್ಮಪ್ಪ ಹೊಲವನ್ನು ಪಾಲಿಗೆ ಕೊಡುತ್ತಿದ್ದನಲ್ಲ, ಆ ಮಾತು ನನಗೆ ಚೆನ್ನಾಗಿ ಗೊತ್ತು, ಪಾಲಿಗೆ ಮಾಡುವವನು ಆಳಲ್ಲ, ತಲೆಗೆ ರುಮಾಲು ಸುತ್ತಿಕೊಂಡು ಬಂದು ಜಗುಲಿ ಮೇಲೆ ಕೂರುತ್ತಿದ್ದ, ಎದೆ ಉಬ್ಬಿತು ನನಗೆ, ಮಾರನೇ ದಿನವೇ ಸಾಹುಕಾರರು ಕ್ಲೀನರುಗಳನ್ನು ಬಿಡಿಸಿದರು, ಪಾಲುದಾರ್ರು ತಮ್ಮ ಆಳನ್ನ ತಾವೇ ಇಟ್ಕೊಳ್ಳಲಿ ಅಂದರು. ಆಳನ್ನಿಡಲು ನನಗೆಲ್ಲಿ ಬರಬೇಕು ದುಡ್ಡು, ಕೋಳಿ ಕೂಗುವ ಮುಂಚೆ ಭಾಗ್ಯಮ್ಮ ಎದ್ದು ಬಂದು ಆ ಹಿಡಿ ತಿರುಗಿಸುತ್ತಾಳೆ, ಸೆರಗನ್ನು ಮೂಗಿಗೆ ಕಟ್ಟಿಕೊಂಡು, ನಾನು ಲಾಂದ್ರ ಹಿಡಿಯುತ್ತೇನೆ, ಪಾಲುದಾರ್ರ ಹೆಂಡ್ತಿ ಅಂದ್ರೆ ಸುಮ್ನೇನಾ ಅನ್ನುತ್ತಾಳೆ, ಆ ಪಾಲುದಾರ್ರಿಗೆ ಹಬ್ಬದ್ ದಿನನಾದ್ರೂ ರಜ ಐತಾ ಅಂತ ಕೇಳುತ್ತಾಳೆ.

ಲಕ್ಷ್ಮಯ್ಯನಿಗೆ ಹಿಡಿ ತಿರುಗಿಸಲು ಹೆಂಡತಿಯೂ ಇಲ್ಲ, ಬಾಣಂತಿ ಕಾಯಿಲೆಯಲ್ಲಿ ಹೋದಳು ಪಾಪ, ಎಲ್ಲಾ ಒಬ್ಬನೇ, ಬೆಂಕಿ ಅವನೇ, ಬೂದಿ ಅವನೇ, ಲಾರಿ ಅವನೇ, ಆದರೂ ಹಾಡಿಕೊಂಡೇ ಇರುತ್ತಿದ್ದ, ಮಿಲಿಟರಿ ಕ್ಯಾಂಪಿನಲ್ಲಿ ಲಾರಿ ಕಲಿತು ಜೀತ ಬಿಡಿಸಿಕೊಂಡು ಬಂದವನು, ಸ್ಟೇರಿಂಗು ಹಿಡಿದರೆ ಅವನ ಮುಖದಲ್ಲೊಂದು ಕಳೆ, ನನಗೆ ಹೊಟ್ಟೆಕಿಚ್ಚಾಗಿದ್ದೂ ಉಂಟು, ಹೇಳಿಬಿಡೋಣ, ಯಾರು ಕೇಳುತ್ತಾರೆ ಇಲ್ಲಿ, ಉಂಟು. ದೀಪಾವಳಿ ಮುಂಚೆ ಸೀರೆ ವ್ಯಾಪಾರದ ಭರಾಟೆಯಲ್ಲಿ ಸಾಹುಕಾರರು ಬಂದವನನ್ನು ಬಂದ ಹಾಗೇ ಮತ್ತೆ ಕಳಿಸಿದರು, ಕೋಲಾರದಿಂದ ಬಂದವನು ಬೆಂಗಳೂರಿಗೆ ಹೋಗು, ಬೆಂಗಳೂರಿನಿಂದ ಬಂದವನು ಮತ್ತೆ ಕೋಲಾರಕ್ಕೆ ಹೋಗು, ಲಕ್ಷ್ಮಯ್ಯ ಕಣ್ಣು ಮುಚ್ಚಿರಲಿಲ್ಲ, ನಂದಗುಡಿ ಹತ್ತಿರ ಇದ್ದಲು ತುಂಬಲು ನಿಲ್ಲಿಸಿ, ನಿದ್ದೆಗಣ್ಣಿನಲ್ಲಿ, ಒಳಗಿನ ಗ್ಯಾಸು ಬಿಡದೆ ಡ್ರಮ್ಮಿನ ಮುಚ್ಚಳ ತೆಗೆದುಬಿಟ್ಟ, ಭಗ್ ಅಂತ ಉರಿ ಬಂತಂತೆ, ಆಸ್ಪತ್ರೆಗೆ ನೋಡಲು ಹೋದಾಗ ಬಲಗೈ ಬಟ್ಟೆಯ ಉಂಡೆಯಾಗಿತ್ತು, ಬಟ್ಟೆ ಬಿಚ್ಚಿದ ಮೇಲೆ ಬೆರಳು ಒಂದಕ್ಕೊಂದು ಕೂಡಿಕೊಂಡಿದ್ದವು, ಇನ್ನು ಆ ಕೈ ಸ್ಟೇರಿಂಗು ಹಿಡಿಯುವುದಿಲ್ಲ. ಸಾಹುಕಾರರು ಹಣ್ಣು ಕಳಿಸಿದರು, ಪಾಲುದಾರನಿಗೆ ಪರಿಹಾರ ಅಂತ ಕಾನೂನಿಲ್ಲವಲ್ಲಪ್ಪಾ ಅಂತ ಹೇಳಿಯೂ ಕಳಿಸಿದರು. ಆಳಾಗಿದ್ದರೆ ಇದೆ, ಆಗ ಕೊಡಲೇಬೇಕು.

ಅದಕ್ಕೇ ಲಕ್ಷ್ಮಯ್ಯನ ಅರ್ಜಿ ಹೋದದ್ದು, ಅದಕ್ಕೇ ಲೇಬರ್ ಸಾಹೇಬರು ಬೆಂಗಳೂರಿನಿಂದ ಬಂದು ದೊಡ್ಡಬಳ್ಳಾಪುರದ ಮುಸಾಫರಖಾನೆ ಜಗುಲಿಯಲ್ಲಿ ಮೇಜು ಹಾಕಿಸಿ ಕೂತದ್ದು, ಮೊದಲು ಲಕ್ಷ್ಮಯ್ಯನನ್ನೇ ಕೇಳಿದರು, ನೀನು ಆಳೋ ಪಾಲುದಾರನೋ, ಆಳು ಸ್ವಾಮಿ, ಆಳಲ್ದೆ ಇನ್ನೇನು, ಅವರು ಹೋಗು ಅಂದ್ರೆ ಹೋಗ್ಬೇಕು ಬಾ ಅಂದ್ರೆ ಬರ್ಬೇಕು, ಇಲ್ಲೇ ಅವ್ನಲ್ಲ ಗೋಪಾಲಣ್ಣ, ಹಿರೀಕ, ಕೇಳಿ ಬೇಕಾದ್ರೆ ಅಂದ, ಎಷ್ಟು ಸಲೀಸಾಗಿ ಅಂದ, ನಾನು ಮೆಟ್ಟಿಲು ಹತ್ತಿದೆ, ಆದಿನಾರಾಯಣಪ್ಪನವರು ಪಕ್ಕದ ಕುರ್ಚಿ ಎಳೆದು ಗೋಪಾಲಪ್ಪನವರೇ, ಕೂತ್ಕೊಳ್ಳಿ, ನಿಂತ್ಕೊಂಡ್ಯಾಕೆ ಅಂದರು, ಕೂತುಬಿಟ್ಟೆ. ಅಲ್ಲೇ ಕೆಟ್ಟಿತು ಕೆಲಸ. ಕುರ್ಚಿಯಿಂದ ನೋಡಿದರೆ ಕೆಳಗೆ ಅಂಗಳದಲ್ಲಿ ನಮ್ಮೂರು ಕುಂದಾಣದ ನೆಂಟರು ಇಬ್ಬರು, ಕಚೇರಿ ಕೆಲಸಕ್ಕೆ ಬಂದವರು, ತಮಾಷೆ ನೋಡುತ್ತಾ ನಿಂತಿದ್ದಾರೆ, ಅವರ ಪಕ್ಕದಲ್ಲಿ ಲಕ್ಷ್ಮಯ್ಯ, ಸಾಹೇಬರು ಕೇಳಿದರು ನೀವೂ ಇವರ ಆಳೇನು — ಆಳು, ನಮ್ಮ ಮನೆಯಲ್ಲಿ ಆಳು ಅಂದರೆ ಕೊಟ್ಟಿಗೆಯ ಹೊರಗೆ ಉಣ್ಣುವವನು, ಚಿಪ್ಪಿನಲ್ಲಿ ನೀರು ಕುಡಿಯುವವನು, ನಮ್ಮವ್ವ ಮೇಲಿನಿಂದ ಮುದ್ದೆ ಬಿಡುತ್ತಿದ್ದಳು, ಲಕ್ಷ್ಮಯ್ಯ ಎರಡೂ ಕೈ ಒಡ್ಡುತ್ತಿದ್ದ, ಆ ಮಾತು ನನ್ನ ಗಂಟಲಿನಿಂದ ಹೇಗೆ ಬರಬೇಕು, ನಮ್ಮ ವಂಶದಲ್ಲೇ ಯಾರೂ ಆಳಾಗಿಲ್ಲ ಸ್ವಾಮಿ, ನಾನು ಪಾಲುದಾರ ಅಂದೆ. ಒಳ್ಳೆಯ ಮನುಷ್ಯ ಆ ಸಾಹೇಬರು, ಕನ್ನಡಕ ತೆಗೆದು ಮತ್ತೆ ಕೇಳಿದರು, ದಾರಿ ತೋರಿಸಿದರು, ನೀವು ಬೇರೆಯವರ ಪಾರ್ಸಲ್ ಹಾಕ್ಕೋಬಹುದಾ, ಹಾಕ್ಕೋಬಹುದು, ನಾನಾಗೇ ಹಾಕ್ಕೊಳ್ಳಲ್ಲ ಅಂದೆ, ಒಂದು ದಿನ ಬರಲ್ಲ ಅಂದರೆ ಅಂತ ಕೇಳಿದರು, ಕೇಳೋರು ಯಾರು ನನ್ನ ಅಂದೆ, ಎಲ್ಲಾ ಸುಳ್ಳು, ಒಂದೊಂದೂ ಸುಳ್ಳು, ಮಗಳ ಬಾಸಿಂಗದ ದಿನ ಕೂಡ ಹೊಸಕೋಟೆಗೆ ಲೋಡು ಹೊಡೆದವನು ನಾನು, ಸಾಹುಕಾರರು ಎಲೆ ಅಡಿಕೆ ಮಡಿಸಿ ನನ್ನ ಕೈಗೆ ಕೊಟ್ಟರು. ಉಳಿದ ಡ್ರೈವರುಗಳು ತಲೆ ತಗ್ಗಿಸಿ ಗೋಪಾಲಪ್ಪ ಹೇಳಿದಂಗೇ ಅಂದರು, ಹಿರಿಯನನ್ನು ಮೀರಿ ಹೇಳುವವರು ಯಾರು. ಲಕ್ಷ್ಮಯ್ಯ ಒಬ್ಬನೇ ಆಳಾಗಿ ಉಳಿದ, ಒಬ್ಬನ ಮಾತಿನ ಮೇಲೆ ಆಗೋದು ಕಷ್ಟ ಅಂದರು ಸಾಹೇಬರು, ಸಾಯಂಕಾಲದ ತನಕ ಇಲ್ಲೇ ಇರ್ತೀನಿ, ಹೇಳಿಕೆ ಬದಲಾಯಿಸೋದಿದ್ರೆ ಬನ್ನಿ, ಆಮೇಲೆ ಬೆಂಗಳೂರಿಗೆ ಹೊರಟುಬಿಡ್ತೀನಿ ಅಂದರು, ನನ್ನನ್ನೇ ನೋಡಿಕೊಂಡು ಅಂದರು.

ಸಾಯಂಕಾಲ ಇನ್ನೂ ಆಗಿಲ್ಲ, ಬಿಸಿಲು ರಾಗಿ ಹೊಲದ ಮೇಲೆ ಇನ್ನೂ ಇದೆ, ತಿರುಗಿಸಿದರೆ ಲಾರಿ ತಿರುಗುತ್ತೆ, ರಸ್ತೆಗೇನು, ಆ ಹುಣಸೆಮರದ ಹತ್ತಿರ ಅಗಲವಿದೆ, ಹುಣಸೆಮರ ಹಿಂದೆ ಹೋಯಿತು, ಪರವಾಗಿಲ್ಲ ಬಾವಿಯ ಹತ್ತಿರ ತಿರುಗಿಸಬಹುದು, ಹೋಗಿ ಏನಂತ ಹೇಳುವುದು, ಸ್ವಾಮೀ ನಾನು ಆಳು ಅಂತಲೇ, ಸಾಹುಕಾರರು ಇನ್ನೂ ಅಲ್ಲೇ ಕುರ್ಚಿಯಲ್ಲಿ ಕೂತಿರುತ್ತಾರೆ, ನೆಂಟರು ಇರುತ್ತಾರೆ, ಊರೆಲ್ಲಾ ಸಾರುತ್ತಾರೆ, ಬಾವಿಯೂ ಹಿಂದೆ ಹೋಯಿತು — ಥೂ ನನ್ನ ಜನ್ಮಕ್ಕಿಷ್ಟು, ಹೊರಡುವಾಗ ಲಕ್ಷ್ಮಯ್ಯನನ್ನು ಏನೋ ಕೇಳಬೇಕು ಅಂತ ಕೇಳಿದೆ, ಮುಂದೆ ಏನ್ ಮಾಡ್ತೀಯ ಅಂತ, ಬೈಯಲಿ ಅಂತಲೇ ಕೇಳಿದೆ ಅನ್ನಿಸುತ್ತೆ, ಬೈಯಲಿಲ್ಲ, ನಿಮ್ಮಣ್ಣಾರನ್ನ ಕೇಳ್ಬೇಕು ಬುದ್ಧಿ, ದನ ಕಾಯಕ್ಕಾದ್ರೂ ಇಕ್ಕೊಂತಾರೇನೋ ಅಂದ, ಈಗ ನಮ್ಮಣ್ಣ ನೋಡಿಕೊಳ್ಳುವ ನಮ್ಮಪ್ಪನ ಮನೆಗೆ, ಅದೇ ಕೊಟ್ಟಿಗೆಗೆ, ಈಗ ಒಂದೇ ಕೈ ಒಡ್ಡಬೇಕು. ಬಿಟ್ಟು ಬಂದಿದ್ದನಲ್ಲಪ್ಪಾ ಅವನು, ಬಿಡಿಸಿಕೊಂಡು ಬಂದಿದ್ದ, ನಾನೇ ಹಿಡಿದು ವಾಪಸ್ಸು ಕಟ್ಟುತ್ತಿದ್ದೇನೆ, ನನ್ನ ಲಾರಿಯಲ್ಲೇ ಹತ್ತಿಸಿಕೊಂಡು, ನನ್ನ ಲಾರಿ ಅಂತೆ. ಭಾಗ್ಯಮ್ಮ ಬಾಗಿಲಲ್ಲೇ ಕೇಳುತ್ತಾಳೆ ಏನಂದ್ರಿ ಅಂತ, ಅವಳ ಕಣ್ಣು ಹೊಗೆಗೆ ಯಾವಾಗಲೂ ಕೆಂಪು, ಅವಳಿಗೆ ಸುಳ್ಳು ಹೇಳಲು ಆಗುವುದಿಲ್ಲ.

ಏರು ಬಂತು, ಎಳೆಯುತ್ತಿಲ್ಲ, ಗೇರು ಇಳಿಸಿದರೂ ಎಳೆಯುತ್ತಿಲ್ಲ, ಬೆಂಕಿ ಕುಗ್ಗಿದೆ, ನಿಂತೇ ಹೋಯಿತು, ಬ್ರೇಕು ಒತ್ತಿ ಹಿಡಿದುಕೊಂಡೆ, ಚಕ್ರಕ್ಕೆ ಕಲ್ಲು ಕೊಡಬೇಕು, ಇಳಿಯುವಷ್ಟರಲ್ಲಿ ಧಡ್ ಅಂತ ಶಬ್ದ, ಕಲ್ಲು ಆಗಲೇ ಬಿತ್ತು, ಅವನೇ ಹಾಕಿದ, ಹೇಳಿಸಿಕೊಂಡವನಲ್ಲ, ಹಿಂದಕ್ಕೆ ಹೋಗಿ ನೋಡಿದರೆ ಗಾಳಿ ಚಕ್ರದ ಹಿಡಿಗೆ ಕೈ ಹಾಕಿ ನಿಂತಿದ್ದಾನೆ, ಎಡಗೈ, ತಿರುಗಿಸುತ್ತಿದ್ದಾನೆ, ಎಡಗೈಗೆ ರೂಢಿಯಿಲ್ಲ, ಹಿಡಿ ಮೇಲೆ ಬಂದಾಗ ಭುಜ ಎತ್ತಬೇಕು, ಕೆಳಗೆ ಹೋದಾಗ ಇಡೀ ಮೈ ಬಗ್ಗಬೇಕು, ಬಲಗೈಯನ್ನು ಎದೆಗೆ ಒತ್ತಿಕೊಂಡಿದ್ದಾನೆ, ಒಗೆದ ಪಂಚೆಗೆಲ್ಲಾ ಮಸಿ, ಬಿಡೋ ಲಕ್ಷ್ಮಯ್ಯ, ನಾನು ತಿರುಗಿಸ್ತೀನಿ, ಇರ್ಲಿ ಬುದ್ಧಿ, ಬಿಡೋ ಅಂದ್ನಲ್ಲ, ನೀವು ಹತ್ತಿ ಕೂತ್ಕೊಳ್ಳಿ ಬುದ್ಧಿ, ಗ್ಯಾಸ್ ಬಂದ್ಮೇಲೆ ಹೇಳ್ತೀನಿ, ಅವನು ನನ್ನ ಕಡೆ ನೋಡಲಿಲ್ಲ, ಈಗ ಹೇಳು, ಈಗ ಹೇಳದಿದ್ದರೆ ಇನ್ನು ಯಾವತ್ತೂ ಇಲ್ಲ, ಬಾಯಿ ತೆರೆದೆ, ಲಕ್ಷ್ಮಯ್ಯ, ಹಿಂದಕ್ಕೆ ಹೋಗೋಣೇನೋ, ಬಳ್ಳಾಪುರಕ್ಕೆ. ಅವನ ಕೈ ನಿಂತಿತು, ಒಂದು ಗಳಿಗೆ ನಿಂತಿತು, ಸುಟ್ಟ ಕೆನ್ನೆ ನನ್ನ ಕಡೆ ತಿರುಗಿತು, ಯಾಕ್ ಬುದ್ಧಿ, ಪಾರ್ಸಲ್ ಏನಾದ್ರೂ ಬಿಟ್ಬಂದ್ರಾ. ಇಲ್ಲ ಅಂದೆ, ಏನಿಲ್ಲ ಬಿಡು ಅಂದೆ, ಅಂದುಬಿಟ್ಟೆ, ಸುಳ್ಳು, ಮೊದಲ ಸಲ ಸಾಹೇಬರಿಗೆ, ಈಗ ಇವನಿಗೇ, ಎದುರಿಗೇ, ಅವನು ಹೂಂ ಅಂದು ಮತ್ತೆ ಹಿಡಿಗೆ ಬಗ್ಗಿದ, ನಾನು ಹತ್ತಿ ಕೂರಬೇಕು, ಇಲ್ಲೇ ನಿಂತು ನೋಡುತ್ತಿದ್ದೇನೆ, ಎಡಗೈ ಮೇಲೆ ಬಂತು, ಕೆಳಗೆ ಹೋಯಿತು, ಬಿಸಿಲು ಇಳಿಯುತ್ತಿದೆ, ಸಾಹೇಬರು ಹೊರಡುವ ಹೊತ್ತು, ಎಡಗೈ ಮೇಲೆ ಬಂತು, ಬೆರಳ ಗೆಣ್ಣು ಬೆಳ್ಳಗಾಗಿವೆ, ಕೆಳಗೆ ಹೋಯಿತು, ಮೇಲೆ, ಎಡಗೈ —