ಮುಕ್ಕಾಲು ಡಾಕ್ಟರು

ಸಿನಿಮಾ ಮುಗಿಯಲು ಇನ್ನೇನು ಹತ್ತು ನಿಮಿಷವಿದೆ ಎನ್ನುವಾಗ, ಇಡೀ ಚಿತ್ರಮಂದಿರವೇ ಉಸಿರು ಬಿಗಿಹಿಡಿದು ಕೂತಿರುವ ಹೊತ್ತಿನಲ್ಲಿ, ಎತ್ತರದ ಮನುಷ್ಯರೊಬ್ಬರು ಬೆನ್ನು ಬಾಗಿಸಿಕೊಂಡು, ಸಾಲಿನಲ್ಲಿ ಕೂತವರ ಮೊಣಕಾಲುಗಳಿಗೆಲ್ಲ ಕ್ಷಮೆ ಕೇಳುತ್ತ, ತುದಿಗಾಲಲ್ಲಿ ಬಾಗಿಲ ಕಡೆ ಹೊರಟರೆಂದರೆ, ಆ ಸಿನಿಮಾ ಅವರಿಗೆ ವಿಪರೀತ ಹಿಡಿಸಿದೆ ಎಂದೇ ತಿಳಿಯಬೇಕು. ಅವರು ನನ್ನ ಭಾವ, ಅಕ್ಕನ ಗಂಡ, ವೃತ್ತಿಯಿಂದ ದಂತವೈದ್ಯರು. ಹಿಡಿಸದ ಸಿನಿಮಾವನ್ನು ಅವರು ಪರದೆಯ ಮೇಲಿನ ಕೊನೆಯ ಹೆಸರು ಮರೆಯಾಗುವವರೆಗೂ, ಯಾರೋ ಒಪ್ಪಿಸಿಹೋದ ಕರ್ತವ್ಯವೆಂಬಂತೆ, ಕದಲದೆ ಕೂತು ನೋಡುತ್ತಾರೆ. ಹಿಡಿಸಿದ್ದನ್ನು ಮಾತ್ರ ಮುಗಿಸುವುದಿಲ್ಲ. ಪುಸ್ತಕವಾದರೆ ಕೊನೆಯ ಅಧ್ಯಾಯ, ಧಾರಾವಾಹಿಯಾದರೆ ಕೊನೆಯ ಕಂತು, ಹಾಡಾದರೆ ಕೊನೆಯ ಚರಣ ಅವರ ಪಾಲಿಗೆ ಇನ್ನೂ ಬರಬೇಕಾದದ್ದಾಗಿಯೇ ಉಳಿಯುತ್ತದೆ.

“ಮುಗಿಸಿಬಿಟ್ರೆ ಮುಗಿದೇ ಹೋಯ್ತಲ್ಲೋ” ಎನ್ನುವುದು ಅವರ ಏಕೈಕ ಸಮರ್ಥನೆ. ಇದನ್ನು ಹೇಳುವಾಗ ಅವರ ಮುಖದಲ್ಲಿ ಮೂಡುವ ಗಾಬರಿ ಎಷ್ಟು ಪ್ರಾಮಾಣಿಕವಾದದ್ದೆಂದರೆ, ವಾದಿಸಲು ಹೋದವರು ಸಮಾಧಾನ ಹೇಳಿ ಬರುತ್ತಾರೆ. ನೆಂಟರಿಷ್ಟರು ಅವರಿಗೆ ಮುಕ್ಕಾಲು ಡಾಕ್ಟರೆಂದು ಹೆಸರಿಟ್ಟಿದ್ದಾರೆ. “ಹೆದರ್ಬೇಡಿ, ಹಲ್ಲು ಮಾತ್ರ ಪೂರ್ತಿ ಕೀಳ್ತಾರೆ” ಎಂದು ಅಕ್ಕ ಹೊಸ ರೋಗಿಗಳಿಗೆ ಧೈರ್ಯ ತುಂಬುವುದುಂಟು.

ಈ ದಾಂಪತ್ಯದ ದೆಸೆಯಿಂದ ಅಕ್ಕನಿಗೆ ನಟನೆ ಕರಗತವಾಗಿದೆ. ಅವಳು ಕೊನೆ ನೋಡಿಯೇ ಬರುವವಳು. ನಾಯಕ ಸತ್ತಿರಲಿ, ಬದುಕಿರಲಿ, ತರಕಾರಿ ಕೊಂಡು ಬಂದವಳ ಮುಖ ಮಾಡಿಕೊಂಡೇ ಅವಳು ಹೊರಬರಬೇಕು. ಕಣ್ಣು ಕೊಂಚ ಕೆಂಪಾಗಿದ್ದರೂ ಭಾವ ಅದರಿಂದಲೇ ಅರ್ಧ ಕಥೆ ಊಹಿಸಿ ನೊಂದುಕೊಳ್ಳುತ್ತಾರೆ. ಆದ್ದರಿಂದ ಮನೆಯವರೆಗೂ ಅವರು ಹತ್ತು ಹೆಜ್ಜೆ ಮುಂದೆ, ಉದ್ದ ಕಾಲುಗಳನ್ನು ಬೀಸಿ ಹಾಕುತ್ತ, ಹಿಂದಿರುಗಿ ನೋಡದೆ ನಡೆಯುತ್ತಾರೆ. ಗಂಡಹೆಂಡಿರಿಗೆ ಜಗಳವಾಗಿದೆಯೆಂದು ಬೀದಿಯವರು ತಿಳಿದುಕೊಳ್ಳುತ್ತಾರೆ. ಅಸಲಿಗೆ ಅಂದು ಅವರಿಬ್ಬರೂ ಪರಮಸುಖಿಗಳು.

ಭಾವನ ಬಿಳಿಯ ಕೋಟಿನ ಗುಂಡಿಗಳು ಯಾವಾಗಲೂ ಒಂದು ಕಾಜ ತಪ್ಪಿರುತ್ತವೆ. ಜೇಬಿನಲ್ಲಿ ಹರಿದ ಟಿಕೆಟ್ಟಿನ ಚೂರುಗಳು. ಮನೆಯ ಮುಂಭಾಗದಲ್ಲೇ ಕ್ಲಿನಿಕ್ಕು. ಹಲ್ಲು ಕೊರೆಯುವ ಯಂತ್ರದ ಸದ್ದಿಗೆ ಶ್ರುತಿ ಸೇರಿಸಿಕೊಂಡು ಗುನುಗುತ್ತ, ಬಾಯಿ ತೆರೆದು ಮಲಗಿದ ನಿಸ್ಸಹಾಯಕ ಜೀವಕ್ಕೆ ತಾವು ನಿನ್ನೆ ನೋಡಿದ ಧಾರಾವಾಹಿಯ ಗುಣಗಳನ್ನು ವರ್ಣಿಸುವುದು ಅವರ ಪದ್ಧತಿ. “ಹೌದೋ ಅಲ್ವೋ ಹೇಳಿ” ಎಂದು ಕೇಳುತ್ತಾರೆ, ಉತ್ತರ ಬರುವಂತಿಲ್ಲ, ಅದನ್ನೇ ಒಪ್ಪಿಗೆಯೆಂದು ತೆಗೆದುಕೊಂಡು ಮುಂದುವರಿಯುತ್ತಾರೆ. ಒಮ್ಮೆ ಒಬ್ಬ ಮೇಷ್ಟ್ರು, ದವಡೆಹಲ್ಲು ಕೀಳಿಸಿಕೊಂಡ ಸಿಟ್ಟಿಗೋ ಏನೋ, ಬಾಯಲ್ಲಿ ಹತ್ತಿ ಇಟ್ಟುಕೊಂಡೇ ಆ ಧಾರಾವಾಹಿಯ ಅಂತ್ಯವನ್ನು ಹೇಳಲು ಹೊರಟರು. ಹತ್ತಿಯ ಕೃಪೆಯಿಂದ ಒಂದಕ್ಷರವೂ ತಿಳಿಯಲಿಲ್ಲ. ಆದರೂ ಭಾವ ಎರಡೂ ಕಿವಿ ಮುಚ್ಚಿಕೊಂಡು ಹೊರಗೋಡಿದರು. ವೈದ್ಯರೇ ಓಡಿ ಬರುವುದನ್ನು ಕಂಡು, ಸರದಿಯಲ್ಲಿ ಕೂತಿದ್ದವರೆಲ್ಲ ತಾವೂ ಎದ್ದು ಓಡಿದರು.

ವರ್ಷದ ಕೊನೆಯ ಭಾನುವಾರ ಅವರ ಪಾಲಿಗೆ ಬಹು ದೊಡ್ಡ ದಿನ. ರೋಗಿಗಳು ಕಾಯುವ ಕೋಣೆಯಲ್ಲಿ ಮನೆಯವರನ್ನೆಲ್ಲ ಕೂಡಿಸಿ, ಗುಂಡಿ ತಪ್ಪಿದ ಅದೇ ಕೋಟು ತೊಟ್ಟು ಎದ್ದು ನಿಂತು, ಆ ವರ್ಷ ತಮ್ಮ ಮನಸ್ಸನ್ನು ಗೆದ್ದ ಸಂಗೀತ, ಸಿನಿಮಾ, ಧಾರಾವಾಹಿ, ಪುಸ್ತಕ ಯಾವುವೆಂದು ಘೋಷಿಸುತ್ತಾರೆ. ಬಹುಮಾನವಿಲ್ಲ, ಗೆದ್ದವರಿಗೆ ಸುದ್ದಿಯೂ ಮುಟ್ಟುವುದಿಲ್ಲ. ಆದರೂ ನಾವೆಲ್ಲ ಪರೀಕ್ಷೆಯ ಫಲಿತಾಂಶಕ್ಕೆ ಕಾದವರಂತೆ ಕೂತಿರುತ್ತೇವೆ. ಪುಸ್ತಕದ ಸುಳಿವು ಮಾತ್ರ ನಮಗೆ ಮೊದಲೇ ಸಿಗುತ್ತದೆ. ಅವರು ಓದಿ ಮುಗಿಸಿದ ಪುಸ್ತಕಗಳೆಲ್ಲ ಕಾಯುವ ಕೋಣೆಯ ಮೇಜಿಗೆ ಬರುತ್ತವೆ. ಮುಗಿಸದೆ ಉಳಿಸಿಕೊಂಡವು ಮಲಗುವ ಕೋಣೆಯಲ್ಲಿ ತಲೆದಿಂಬಿನ ಪಕ್ಕದಲ್ಲಿರುತ್ತವೆ. ಮೇಜಿಗೆ ಬಂತೆಂದರೆ ಸೋತಿತೆಂದೇ ಅರ್ಥ.

ಈ ವರ್ಷ ಅಕ್ಕನ ಮಗಳ ಮೊದಲ ಕಾದಂಬರಿ ಹೊರಬಂತು. ಹುಡುಗಿ ಬೇರೆ ಊರಿನಲ್ಲಿ ನಕಾಶೆ ಬಿಡಿಸುವ ಕಚೇರಿಯಲ್ಲಿ ಕೆಲಸಕ್ಕಿದ್ದಾಳೆ. ಬೆಳಗಿನ ಜಾವ ಎದ್ದು, ಕಚೇರಿಗೆ ಹೊರಡುವ ಮುನ್ನ ಬರೆದದ್ದು. ಪತ್ರಿಕೆಗಳಲ್ಲಿ ಎರಡು ಒಳ್ಳೆಯ ಮಾತು ಬಂದವು. ಅವಳಿಗೆ ಬೇಕಾಗಿದ್ದದ್ದು ಒಬ್ಬರ ಮಾತು. ಆ ಒಬ್ಬರು ಪುಸ್ತಕ ತೆಗೆದುಕೊಂಡವರು ತಿಂಗಳುಗಟ್ಟಲೆ ತುಟಿಪಿಟಕ್ಕೆನ್ನಲಿಲ್ಲ. ಕೇಳಲು ಇವಳಿಗೂ ಧೈರ್ಯವಿಲ್ಲ. ಯಾಕೆಂದರೆ ಈ ವಿಷಯದಲ್ಲಿ ಭಾವ ಯಾರ ಮುಲಾಜಿಗೂ ಬೀಳುವವರಲ್ಲ, ಮಗಳ ಮುಲಾಜಿಗಂತೂ ಇಲ್ಲವೇ ಇಲ್ಲ.

ಆ ಭಾನುವಾರ ನಾನು ಹೋದಾಗ ಹುಡುಗಿ ಅಡುಗೆಮನೆಯ ಕಟ್ಟೆಗೆ ಒರಗಿ ನಿಂತಿದ್ದಳು. ಕಣ್ಣು ತುಂಬಿತ್ತು.

“ಮಾವ, ನನ್ನ ಪುಸ್ತಕ ಮೇಜಿನ ಮೇಲಿದೆ” ಎಂದಳು. “ಅಪ್ಪ ಪೂರ್ತಿ ಓದಿಬಿಟ್ಟಿದ್ದಾರೆ.”

ತಂದೆ ತನ್ನ ಪುಸ್ತಕವನ್ನು ಪೂರ್ತಿ ಓದಿದರೆಂದು ಅಳುವ ಲೇಖಕಿ ಲೋಕದಲ್ಲಿ ಇನ್ನೊಬ್ಬಳಿದ್ದಾಳೋ ಇಲ್ಲವೋ ಕಾಣೆ. ನನಗೆ ನಗು ಬರಬೇಕಾಗಿತ್ತು, ಬರಲಿಲ್ಲ. ಆ ಮನೆಯ ಕಾನೂನು ನನಗೂ ಗೊತ್ತಿತ್ತಲ್ಲ. ಏನೋ ಸಮಾಧಾನ ಹೇಳಿ, ಕೈಹಿಡಿದು ಕರೆತಂದು ಕೂರಿಸಿದೆ. ಅವಳು ಮೇಜಿಗೆ ಬೆನ್ನು ಮಾಡಿ ಕೂತಳು.

ಭಾವ ಎದ್ದು ನಿಂತು ಗಂಟಲು ಸರಿಮಾಡಿಕೊಂಡರು. ಸಂಗೀತದಲ್ಲಿ ಒಬ್ಬ ವೃದ್ಧ ಪಿಟೀಲುವಾದಕಿಯ ಧ್ವನಿಮುದ್ರಿಕೆ: “ಆಯಮ್ಮ ಒಂದು ಸ್ವರದ ಮೇಲೆ ಕೂತ್ರೆ, ನಂಗೆ ಕುರ್ಚಿ ಬೇಡ ಅನ್ಸುತ್ತೆ.” ಸಿನಿಮಾದಲ್ಲಿ, ಸೇತುವೆ ಬಂದ ಮೇಲೂ ದೋಣಿ ನಡೆಸುತ್ತಲೇ ಇರುವ ಮುದುಕನ ಕಥೆ. ಧಾರಾವಾಹಿಯಲ್ಲಿ, ಒಂದೇ ಹೊಲಿಗೆಯಂಗಡಿಯಲ್ಲಿ ಮಾತು ಬಿಟ್ಟು ಕೂತಿರುವ ಅಕ್ಕತಂಗಿಯರದು; ಅವರು ಕೊನೆಗೆ ಮಾತಾಡಿದರೋ ಇಲ್ಲವೋ ಭಾವನಿಗೆ ಗೊತ್ತಿಲ್ಲ, ಗೊತ್ತಾಗುವುದೂ ಬೇಡ. ಆಮೇಲೆ “ಪುಸ್ತಕ” ಎಂದರು, ಮಲಗುವ ಕೋಣೆಗೆ ಹೋದರು.

ಬರುವಾಗ ಕೈಯಲ್ಲಿ ಮಗಳ ಕಾದಂಬರಿಯಿತ್ತು. ಮೂಲೆಗಳೆಲ್ಲ ಮೆತ್ತಗಾಗಿ, ಕೊನೆಯ ಅಧ್ಯಾಯ ಶುರುವಾಗುವಲ್ಲಿ ಹತ್ತಿಬತ್ತಿಯಂತೆ ಸುರುಳಿ ಸುತ್ತಿದ ಟಿಕೆಟ್ಟೊಂದು ಗುರುತಿಗೆ ಸಿಕ್ಕಿಕೊಂಡಿತ್ತು.

“ಇದು” ಎಂದರು. ಎತ್ತಿ ಹಿಡಿದು ಎಲ್ಲರಿಗೂ ತೋರಿಸಿದರು.

ಹುಡುಗಿ ಅದನ್ನೂ ನೋಡಿದಳು, ತಿರುಗಿ ಮೇಜನ್ನೂ ನೋಡಿದಳು. “ಹಾಗಾದ್ರೆ ಅಲ್ಲಿರೋದು?”

“ಅದು ಬೇರೆ, ಅಂಗಡಿಯಿಂದ ತಂದಿದ್ದು. ಬಂದೋರೂ ಓದ್ಲಿ ಅಂತ ಇಟ್ಟೆ. ಓದ್ತಾ ಓದ್ತಾ ಒಬ್ಬ, ನನ್ನ ಸರದಿ ಬಂದ್ರೂ ಕರೀಬೇಡಿ ಅಂದ, ಗೊತ್ತಾ?”

ಮೇಜಿನ ಅರ್ಥವನ್ನು ನಾವೆಲ್ಲ ಬಲ್ಲೆವೆಂಬುದು ಅವರೊಬ್ಬರಿಗೇ ಗೊತ್ತಿರಲಿಲ್ಲ. ಹುಡುಗಿ ಅಳುತ್ತಲೇ ನಕ್ಕಳು. ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡಳು. ನನಗಾದ ಸಂತೋಷವನ್ನು ಮುಚ್ಚಿಡುವುದೇಕೆ, ಆ ಕೋಣೆಯಲ್ಲಿ ಕೂತು ನಾನು ಚಪ್ಪಾಳೆ ತಟ್ಟಿದೆ. ಅಲ್ಲಿಗೆ ಎಲ್ಲ ಮುಗಿಯಿತೆಂದುಕೊಂಡೆವು. ಆದರೆ ಹುಡುಗಿ ಎದ್ದು ಅಪ್ಪನ ಎದುರು ನಿಂತಳು.

“ಅಪ್ಪ, ಆ ಕೊನೇ ಅಧ್ಯಾಯ ಎಷ್ಟು ಸಲ ಹರಿದು ಬರ್ದಿದೀನಿ ಗೊತ್ತಾ? ನಾನು ಹೇಳ್ಬೇಕು ಅಂದಿದ್ದೆಲ್ಲ ಅಲ್ಲೇ ಇದೆ. ಅದನ್ನ ಓದ್ದೆ ಇಟ್ಕೊಂಡ್ರೆ ನಿಂಗೆ ನಾನು ಏನೂ ಹೇಳೇ ಇಲ್ಲ.”

ಭಾವನ ಮುಖ ಬಿಳಿಚಿತು. “ಆಮೇಲೆ ಏನಿರುತ್ತೆ ನಂಗೆ?” ಎಂದರು, ಸಣ್ಣ ದನಿಯಲ್ಲಿ. ಬಹಳ ಹೊತ್ತು ಪುಸ್ತಕವನ್ನು ಕೈಯಲ್ಲಿ ತೂಗುತ್ತ ನಿಂತಿದ್ದು, ಕೊನೆಗೆ ಕಿಟಕಿಯ ಹತ್ತಿರ ಹೋಗಿ, ನಮಗೆ ಬೆನ್ನು ತಿರುಗಿಸಿ ಓದತೊಡಗಿದರು. ಒಮ್ಮೆ ನಕ್ಕರು. ಒಮ್ಮೆ ಕನ್ನಡಕ ತೆಗೆದು ಕೋಟಿನ ಅಂಚಿಗೆ ಒರೆಸಿಕೊಂಡರು. ಹುಡುಗಿ ಉಗುರು ಕಚ್ಚುತ್ತಲೇ ಇದ್ದಳು. ಕಡೆಯ ಪುಟ ಮುಗಿದ ಮೇಲೂ ಅವರು ಹಾಳೆ ತಿರುವಿದರು. ಅಲ್ಲಿ ಖಾಲಿ ಇತ್ತು. ಅದನ್ನು ಬೆಳಕಿಗೆ ಹಿಡಿದು ನೋಡಿದರು.

“ಇಷ್ಟೇನಾ?”

“ಇಷ್ಟೇ ಅಪ್ಪ.”

ಅವರು ತಲೆಯಾಡಿಸಿ, ರೋಗಿಗಳ ಬೆಂಚಿನ ಮೇಲೆ ಮಗಳನ್ನು ಪಕ್ಕಕ್ಕೆ ಕೂರಿಸಿಕೊಂಡು, ಮೊದಲ ಪುಟ ತೆಗೆದು ಪುನಃ ಓದಲು ಶುರುಮಾಡಿದರು. ಅಕ್ಕ ಕರೆದರೂ ಏಳಲಿಲ್ಲ. ಇಬ್ಬರೂ ಸಂಜೆಯವರೆಗೆ ಹಾಗೇ ಕೂತಿದ್ದರು.

ಕಲಾಕೃತಿಗಳನ್ನು ಅಳೆದು ತೂಗಿ ಬೆಲೆ ಕಟ್ಟುವ ವಿದ್ವಾಂಸರು ಬೇಕು, ಅವರ ಋಣ ದೊಡ್ಡದು. ಆದರೆ ಅವರಿಂದ ಬೇರೆಯಾದ ಇನ್ನೊಂದು ಕುಲವಿದೆ. ತಮಗೆ ಹಿಡಿಸಿದ್ದರ ಮುಂದೆ ಬುದ್ಧಿಯನ್ನೆಲ್ಲ ಕಳೆದುಕೊಂಡು ಕೂರುವ, ಅದು ಮುಗಿಯುವುದಕ್ಕೆ ಆಪ್ತರೊಬ್ಬರ ಅಗಲಿಕೆಗೆಂಬಂತೆ ಭಯಪಡುವ, ಯಾರೂ ಕೇಳದಿದ್ದರೂ ವರ್ಷಕ್ಕೊಮ್ಮೆ ಎದ್ದು ನಿಂತು ತಮ್ಮ ಸಂತೋಷವನ್ನು ಸಾರುವ ಸಹೃದಯರ ಕುಲ. ಎಲ್ಲೋ ಒಂದು ಊರಿನಲ್ಲಿ ಪಿಟೀಲು ನುಡಿಸುವ ಆ ವೃದ್ಧೆಗೆ, ದೋಣಿಯ ಚಿತ್ರ ತೆಗೆದವನಿಗೆ, ಇಂಥವರೊಬ್ಬರು ತಮಗಿದ್ದಾರೆಂದು ಎಂದಿಗೂ ತಿಳಿಯುವುದಿಲ್ಲ. ಇರಬಹುದೆಂಬ ನಂಬಿಕೆಯ ಮೇಲೆಯೇ ಅವರು ಜೀವಮಾನವನ್ನೆಲ್ಲ ಸವೆಸುತ್ತಾರೆ. ಬರೆಯುವವರಲ್ಲಿ ಬಹುಮಂದಿಗೆ ಆ ನಂಬಿಕೆಯೇ ಗತಿ. ಅಕ್ಕನ ಮಗಳಿಗೆ ಮಾತ್ರ ಅದರ ಗೊಡವೆಯಿರಲಿಲ್ಲ. ಅವಳ ಓದುಗ ಅವಳ ಪಕ್ಕದಲ್ಲೇ, ಭುಜಕ್ಕೆ ಭುಜ ತಾಗಿಸಿ, ಹಾಳೆ ತಿರುವುತ್ತಿದ್ದ.